ತೆಲ್ಮಾ ಮುಚ್ಚಿಡುವ ಬಾಗಿಲು

ಇಲೊಯ್ಲೊ ನಗರದ ಆ ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ, ಕೊನೆಯ ಕೋಣೆಯ ಬಾಗಿಲ ಪಕ್ಕಕ್ಕೆ ಒಂದು ಸಿಂಕಿದೆ. ಹೊರಗಿನ್ನೂ ಪೂರ್ತಿ ಬೆಳಕಾಗಿಲ್ಲ. ಬೀದಿಯಲ್ಲಿ ಮೊದಲ ಜೀಪ್ನಿ ಬಸ್ಸು ಕೆಮ್ಮುತ್ತಿದೆ. ನರ್ಸ್ ತೆಲ್ಮಾ ಪುದಾದೇರಾ ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುತ್ತಿದ್ದಾರೆ. ತೊಳೆದೂ ತೊಳೆದೂ ಬೆರಳಸಂದಿಯ ಚರ್ಮವೆಲ್ಲ ಬಿರಿದಿದೆ. ಅವರ ಬಗ್ಗೆ ಬರೆಯಲು ಬಂದ ನಾನು ಪಕ್ಕದಲ್ಲಿ ನಿಂತಿದ್ದೇನೆ. ಪಾಳಿಗೆ ಬಂದ ನರ್ಸಿಂಗ್ ಹುಡುಗಿಯೊಬ್ಬಳು ಇಲ್ಲಿನ ವಾಡಿಕೆಯಂತೆ ಹಿರಿಯರ ಕೈಯನ್ನು ಹಣೆಗೊತ್ತಿಕೊಳ್ಳಲು ಬಾಗಿದರೆ, ತೆಲ್ಮಾ ಕೈಯನ್ನು ಬೆನ್ನ ಹಿಂದಕ್ಕೆ ಒಯ್ಯುತ್ತಾರೆ.

"ಗೌರವ ಎಲ್ಲಾ ಗೇಟಿನಾಚೆ, ಇಂದಾಯ್, ಮಗಳೇ. ಇಲ್ಲಿ ಮೊದ್ಲು ಸೋಪು."

ಒಳಗಿರುವವಳು ಒಂಬತ್ತರ ರೋಹೆಲಿನ್. ರಕ್ತದ ಕ್ಯಾನ್ಸರ್. ಅದಕ್ಕೆ ಕೊಟ್ಟ ಔಷಧಿ ಕಳೆಯ ಜೊತೆ ಪೈರನ್ನೂ ಸುಟ್ಟಿದೆ. ಬಿಳಿ ರಕ್ತಕಣಗಳನ್ನು ಹೆರುವ ಮೂಳೆಮಜ್ಜೆ ಈಗ ಬರಿದು. ಅದು ಮತ್ತೆ ಚಿಗುರುವವರೆಗೆ ಹೂವಿಲ್ಲ, ಹಸಿ ಹಣ್ಣಿಲ್ಲ, ಮುತ್ತಿಲ್ಲ. ಅಪ್ಪನೊಬ್ಬನನ್ನು ಬಿಟ್ಟರೆ ನೆಂಟರಿಗೆ ಪ್ರವೇಶವಿಲ್ಲ. ಬಾಗಿಲಿಗೆ ಹಾಗೆಂದು ಬರೆದ ಹಲಗೆ ತೂಗುತ್ತಿದೆ.

ಮಗುವಿನ ಕೈಗೆ ಸೂಜಿ ಚುಚ್ಚಿದ ಜಾಗವನ್ನು ನೋಡಿಬಂದ ವಿದ್ಯಾರ್ಥಿನಿ ಕ್ವೀನಿ ಖುಷಿಯಾಗಿದ್ದಾಳೆ. ಕೆಂಪಿಲ್ಲ, ಊತವಿಲ್ಲ, ಕೀವಿಲ್ಲ. ಅಂದಮೇಲೆ ಸೋಂಕಿಲ್ಲ ಎನ್ನುತ್ತಾಳೆ.

"ಮನೆಯಿಂದ ಸದ್ದು ಬರ್ತಿಲ್ಲ ಅಂದ್ರೆ ಎಲ್ರೂ ಸುಖವಾಗಿ ಮಲಗಿದಾರೆ ಅಂತ್ಲಾ?" ತೆಲ್ಮಾ ಕೇಳುತ್ತಾರೆ. "ಮನೇಲಿ ಯಾರೂ ಇಲ್ದೇನೂ ಇರಬಹುದಲ್ಲ."

ಆಮೇಲೆ ಗೋಡೆಗೊರಗಿಕೊಂಡೇ ಪಾಠ. ರೋಗಾಣು ಹೊಕ್ಕ ಕೂಡಲೇ ಮೊದಲು ಓಡಿಬರುವವು ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು. ನುಂಗುತ್ತವೆ, ಹೋರಾಡುತ್ತವೆ, ಅಲ್ಲೇ ಸಾಯುತ್ತವೆ. ನಾವು ಮೂಗು ಮುಚ್ಚಿಕೊಂಡು ಒರೆಸಿ ಎಸೆಯುವ ಕೀವಿನಲ್ಲಿ ಇರುವುದೆಲ್ಲ ಹೆಚ್ಚಾಗಿ ಅವುಗಳ ಹೆಣಗಳೇ. ಇನ್ನೊಂದು ಬಳಗ ಲಿಂಫೋಸೈಟುಗಳದು. ಅವು ನಿಧಾನ, ಆದರೆ ಒಮ್ಮೆ ಬಂದ ಕಳ್ಳನ ಮುಖ ಮರೆಯುವುದಿಲ್ಲ. ಲಸಿಕೆಯೆಂದರೆ ಕಳ್ಳ ಬರುವ ಮೊದಲೇ ಅವಕ್ಕೆ ಅವನ ಫೋಟೋ ತೋರಿಸಿದ ಹಾಗೆ. ಕಣಗಳೇ ಇಲ್ಲದ ಈ ಮಗುವಿನ ಮೈಯಲ್ಲಿ ಊತವೆಬ್ಬಿಸಲು, ಕೀವಾಗಲು ಯಾರಿದ್ದಾರೆ? ಇಲ್ಲಿ ಜ್ವರವೊಂದೇ ಬಾಯಿಬಿಡುವುದು. ಮೈ ಸ್ವಲ್ಪ ಬಿಸಿಯಾದರೂ ತಕ್ಷಣ ಓಡಿಬಂದು ಹೇಳಬೇಕು.

"ಇವಳ ಗಾಯದಲ್ಲಿ ಒಂದು ಹನಿ ಕೀವು ತೋರ್ಸಿ, ನಿಮಗೆಲ್ಲ ನಾನೇ ಬಾತ್ಚೋಯ್ ಕೊಡಿಸ್ತೀನಿ." ಬಿಸಿ ಸಾರಿನ ನೂಡಲ್ಸಿನ ಆಸೆಗೆ ಹುಡುಗಿಯರು ದಿನಾ ಕೇಳುತ್ತಾರೆ: "ಮ್ಯಾಮ್, ಬಾತ್ಚೋಯ್ ಯಾವಾಗ?"

ತೆಲ್ಮಾರ ಜೊತೆ ಓದಿದವರೆಲ್ಲ ಲಂಡನ್ನು, ದುಬೈ ಸೇರಿದ್ದಾರೆ. ಇವರ ಕಾಗದಪತ್ರವೂ ತಯಾರಾಗಿತ್ತಂತೆ. ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಹೊರಡಲಾಗಲಿಲ್ಲ. ತಾಯಿ ಹೋದಮೇಲೆ ಹೋಗುವ ವಯಸ್ಸೂ ಹೋಗಿತ್ತು. ಈ ಕೋಣೆಯಿಂದ ಗುಣವಾಗಿ ಮನೆಗೆ ನಡೆದುಹೋದ ಮಕ್ಕಳೂ ಇದ್ದಾರೆ. ಅವರ ಮನೆಯವರಿಗೆ ಡಾಕ್ಟರ ಹೆಸರು ನೆನಪಿರುತ್ತದೆ. ತೆಲ್ಮಾರ ಪಾಲಿಗೆ ಉಳಿದಿರುವುದು ಅಡ್ಡಹೆಸರು: ಜೈಲರು.

ಆ ಹೆಸರಿಟ್ಟವರಲ್ಲಿ ರೋಹೆಲಿನಳ ಅಜ್ಜಿ ಲೋಲಾ ಪಾಸಿಂಗ್ ಮುಂದಾಳು. ಗಿಮಾರಾಸ್ ದ್ವೀಪದಿಂದ ದೋಣಿ ಹಿಡಿದು ಮಾವಿನಹಣ್ಣು ತರುತ್ತಾರೆ, ಗಾಜಿನಾಚೆ ನಿಂತು ಮೊಮ್ಮಗಳಿಗೆ ತೋರಿಸುತ್ತಾರೆ, ಹಾಗೇ ವಾಪಸು ಒಯ್ಯುತ್ತಾರೆ. ಹೋಗುವಾಗ ಇವರ ಕಡೆ ತಿರುಗಿ, "ಹೆತ್ತಿದ್ರೆ ತಾನೇ ನಿನಗೆ ಗೊತ್ತಾಗೋದು, ಕಲ್ಲೇ" ಎನ್ನುತ್ತಾರೆ. ತೆಲ್ಮಾ ಬುಟ್ಟಿಯನ್ನು ಲಿಫ್ಟಿನ ತನಕ ಹೊತ್ತುಕೊಡುತ್ತಾರೆ.

ಕೆಲವು ದಿನ ಬಿಟ್ಟು ನಾನು ಮತ್ತೆ ಹೋಗುವಷ್ಟರಲ್ಲಿ ಮಗುವಿಗೆ ಜ್ವರ ಬಂದು ಕೂತಿದೆ. ಔಷಧಿ ಮೇಲೆ ಔಷಧಿ ಬದಲಾಗಿದೆ, ಮಜ್ಜೆ ಎಚ್ಚರಾಗಿಲ್ಲ. ಇನ್ನು ಕಾಯುವುದರಲ್ಲಿ ಅರ್ಥವಿಲ್ಲ, ಮಗು ತನ್ನವರ ನಡುವೆ ಇರಲಿ ಎಂದು ಡಾಕ್ಟರು ಪಡಸಾಲೆಯಲ್ಲಿ ಅಪ್ಪನಿಗೆ ಹೇಳಿದ್ದಾರೆ. ತನ್ನ ತಾಯಿ ಲೋಲಾ ಪಾಸಿಂಗರಿಗೆ ಇವತ್ತೊಂದು ದಿನ ತಿಳಿಸಬೇಡಿ ಎಂದು ಅಪ್ಪ ತೆಲ್ಮಾರನ್ನು ಬೇಡಿಕೊಂಡಿದ್ದಾನೆ. ಬೆಳಿಗ್ಗೆ ತೆಲ್ಮಾ ತಮ್ಮ ಕೈಯಾರೆ ಹಲಗೆ ಕಳಚಿ, ಬಾಗಿಲನ್ನು ಅಗಲಕ್ಕೆ ತೆರೆದಿಡುತ್ತಾರೆ.

ಬಾಗಿಲು ತೆರೆದದ್ದನ್ನು ಕಂಡು ಲೋಲಾ ಪಾಸಿಂಗರ ಮುಖ ಅರಳುತ್ತದೆ. "ಅಂತೂ ಕರಗಿದ್ಯಲ್ಲ" ಎಂದು ತೆಲ್ಮಾರ ತೋಳು ತಟ್ಟಿ ಒಳಹೋಗುತ್ತಾರೆ. ಕೋಣೆ ತುಂಬ ಮಾವಿನ ವಾಸನೆ. ರೋಹೆಲಿನ್ ಹಣ್ಣನ್ನು ತುಟಿಗೆ ಮುಟ್ಟಿಸಿಕೊಳ್ಳುತ್ತಾಳೆ, ಅಷ್ಟೆ. ಅಜ್ಜಿಯ ಕೈಯನ್ನು ಹಣೆಗೊತ್ತಿಕೊಳ್ಳುತ್ತಾಳೆ. ಆಮೇಲೆ ಬಾಗಿಲಲ್ಲಿ ನಿಂತ ತೆಲ್ಮಾರ ಕಡೆ ಕೈ ಚಾಚುತ್ತಾಳೆ: "ಮನಾಂಗ್, ಅಕ್ಕಾ, ನಿನ್ನದೂ."

ತೆಲ್ಮಾ ಸಿಂಕಿನ ಕಡೆ ತಿರುಗಿ ನಲ್ಲಿ ಬಿಡುತ್ತಾರೆ.

"ಮ್ಯಾಮ್, ಈಗ ತೊಳೀಬೇಕಾಗಿಲ್ಲ" ಎನ್ನುತ್ತಾಳೆ ಕ್ವೀನಿ, ಮೆಲ್ಲಗೆ. ಬಾತ್ಚೋಯ್ ಮಾತನ್ನು ಇಂದು ಯಾರೂ ಎತ್ತಿಲ್ಲ.

ತೆಲ್ಮಾ ಮೊಣಕೈವರೆಗೂ ತೊಳೆಯುತ್ತಾರೆ. ಒರೆಸಿ ಒಳಹೋಗಿ, ಬಿರಿದ ಕೈಯನ್ನು ಮಗುವಿಗೆ ಕೊಡುತ್ತಾರೆ. ಹಣೆ ಕಾದ ಹೆಂಚಿನಂತೆ ಸುಡುತ್ತಿತ್ತೆಂದು ಆಮೇಲೆ ನನಗೆ ಹೇಳುತ್ತಾರೆ.

ನಿಮಗೇನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಕಳಚಿದ ಹಲಗೆ ಅವರ ಕಂಕುಳಲ್ಲೇ ಇದೆ.

"ಈ ಬಾಗಿಲು ಮುಚ್ಚಿರ್ಬೇಕು," ಎನ್ನುತ್ತಾರೆ. "ಆಚೆ ನಿಂತು ಯಾರಾದ್ರೂ ನನ್ನ ಬೈತಾ ಇರ್ಬೇಕು."