ನಮ್ಮ ಗೇಟಿಗೇ ನೇತುಹಾಕಿದ ಟು-ಲೆಟ್ ಬೋರ್ಡು

ಸಿಕ್ಕಿತು! ನನ್ನ ಮೊಮ್ಮಗಳಿಗೆ ಸಿಕ್ಕಿತು! ಮುಂಬೈಯಲ್ಲಿ ಎರಡು ತಿಂಗಳು ಯಹೂದಿ ವಕೀಲರ ಕೈಕೆಳಗೆ ಕೆಲಸ ಕಲಿಯಲು ಆರಿಸಿದ ಮೂರೇ ಮೂರು ಜನರಲ್ಲಿ ನಮ್ಮ ಹುಡುಗಿಯೂ ಒಬ್ಬಳು. ಆ ಶುಕ್ರವಾರ ಮಧ್ಯಾಹ್ನ ಅವಳು ಕಂಪ್ಯೂಟರ್ ಮುಂದಿನಿಂದ ಎದ್ದು "ಅಜ್ಜೀ" ಎಂದು ಕೂಗಿದ ಕೂಗಿಗೆ ನನ್ನ ಕೈಯಲ್ಲಿದ್ದ ಬೇಳೆಯ ಮೊರ ಜಾರಿ ಬಿತ್ತು. ಬೇಳೆ ಹಾಳಾಗಿ ಹೋಗಲಿ ಎಂದು ತುಳಿದುಕೊಂಡೇ ಹೋಗಿ ಅವಳನ್ನು ತಬ್ಬಿಕೊಂಡೆ. ಅದಕ್ಕೆ ಇಂಟರ್ನ್‌ಶಿಪ್ ಅನ್ನುತ್ತಾರೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನಗೆ ಆ ಮಾತು ನಾಲಿಗೆಯ ಮೇಲೆ ನಿಲ್ಲಲಿಲ್ಲ. "ಕೋರ್ಟಿನ ಕೆಲಸ ಕಲಿಯಕ್ಕೆ ಕರೆದವ್ರೆ, ಕೋರ್ಟಿನ ಕೆಲಸ" ಎಂದು ಗೋಡೆಗೆ, ದೇವರಿಗೆ, ನೀರಿನ ಡ್ರಮ್ಮಿಗೆ ಎಲ್ಲಕ್ಕೂ ಹೇಳಿಕೊಂಡು ಓಡಾಡಿದೆ.

ಅಷ್ಟು ಕುಣಿದಾಡಲು ಕಾರಣ ಇತ್ತು. ಅದು ಕೈ ತಪ್ಪಿಯೇ ಹೋಗಿತ್ತು. ತಪ್ಪಿಸಿದವಳು ನಾನೇ.

ನಮ್ಮ ಮನೆ ವಿಜಯನಗರದ ಪಕ್ಕದ ಹೊಸಹಳ್ಳಿಯಲ್ಲಿ. ನಾನು ಸೊಸೆಯಾಗಿ ಬಂದಾಗ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮುಂದೆ ನಮ್ಮ ಮನೆ, ಹಿಂದೆ ಸಾಲಾಗಿ ನಾಲ್ಕು ಬಾಡಿಗೆ ಮನೆ. ಆ ವರ್ಷ ದೊಡ್ಡ ರಸ್ತೆಯಲ್ಲಿ ಮೆಟ್ರೊ ಕಂಬಗಳಿಗಾಗಿ ನೆಲ ಕೊರೆಯುತ್ತಿದ್ದರು. ಹಗಲೆಲ್ಲ ಕಾಲಿನ ಅಡಿಯಲ್ಲಿ ಗುಡುಗುಡು ಅನ್ನುತ್ತಿತ್ತು. ಗೂಡಿನಲ್ಲಿಟ್ಟ ಲೋಟಗಳು ಒಂದಕ್ಕೊಂದು ತಾಗಿ ತಮ್ಮಷ್ಟಕ್ಕೆ ಸದ್ದು ಮಾಡುತ್ತಿದ್ದವು. ಯಾರೋ ಅಡುಗೆಮನೆಯಲ್ಲಿ ಓಡಾಡುತ್ತಿದ್ದಾರೆ ಎಂದುಕೊಂಡು ಎಷ್ಟು ಸಲ ಎದ್ದು ಹೋಗಿ ನೋಡಿದ್ದೇನೋ.

ಮೊಮ್ಮಗಳು ಆಗ ಲಾ ಕಾಲೇಜಿನಲ್ಲಿ ನಾಲ್ಕನೇ ವರ್ಷ. ಅರ್ಜಿ ಹಾಕಿದ ದಿನ ನನ್ನ ಪಕ್ಕದಲ್ಲಿ ಕೂತು ಬೀನ್ಸ್ ಬಿಡಿಸುತ್ತಾ ಹೇಳಿದಳು.

"ಮುಂಬೈನಲ್ಲಿ ದಾಳಿ ಆಯ್ತಲ್ಲ ಅಜ್ಜಿ, ಟಿವೀಲಿ ನೋಡಿದ್ವಲ್ಲ? ಅಲ್ಲಿ ಸತ್ತೋರ ಮನೆಯವರ ಹತ್ರ ಕೂತ್ಕೊಂಡು ಅವ್ರು ಹೇಳಿದ್ದನ್ನ ಬರ್ಕೊಳ್ಳೋದು ನನ್ನ ಕೆಲಸ. ಅದನ್ನಿಟ್ಕೊಂಡು ಈ ಯಹೂದಿ ವಕೀಲರು ಕೇಸ್ ಹಾಕ್ತಾರೆ. ಗುಂಡು ಹೊಡೆದೋರ ಮೇಲಷ್ಟೇ ಅಲ್ಲ, ಹಿಂದೆ ನಿಂತು ಮಾಡ್ಸಿದೋರ ಮೇಲೂ."

"ಯಹೂದಿ ಅಂದ್ರೆ ಯಾರೇ?"

"ಯೇಸು ಯಾವ ಜನದಲ್ಲಿ ಹುಟ್ಟಿದ್ರೋ, ಆ ಜನ. ಆ ದಾಳೀಲಿ ಅಲ್ಲಿದ್ದ ಅವ್ರ ಒಂದು ಮನೆಗೂ ನುಗ್ಗಿದ್ರು. ಎಲ್ಲಾದ್ರೂ ಅವ್ರನ್ನ ಯಹೂದಿ ಅನ್ನೋದಕ್ಕೇ ಹೊಡೆದ್ರೆ, ಕೆಲಸದಿಂದ ತೆಗೆದ್ರೆ, ಅದಕ್ಕೂ ಈ ವಕೀಲರು ಕೋರ್ಟಿಗೆ ಹೋಗ್ತಾರೆ. ಶುಕ್ರವಾರ ಸಂಜೆ ದೀಪ ಹಚ್ಚಿದ್ಮೇಲೆ ಮಾತ್ರ ಕೆಲಸ ಮುಟ್ಟಲ್ಲ. ನೀನೂ ದೀಪ ಹಚ್ಚಿದ್ಮೇಲೆ ಉಪ್ಪು, ಸೂಜಿ ಯಾರಿಗೂ ಕೊಡಲ್ವಲ್ಲ, ಹಂಗೆ."

ದೀಪ ಹಚ್ಚುವ ಜನ ಎಂದ ಕೂಡಲೇ ನನಗೆ ಅವರ ಮೇಲೆ ಒಂಥರಾ ಅಕ್ಕರೆ ಬಂತು. ಆದರೂ ಕೇಳಿದೆ. "ಅಲ್ಲಾ, ಮಾಡ್ಸಿದೋರು ಸುಮ್ನಿರ್ತಾರಾ? ತಮ್ಮ ಮೇಲೆ ಯಾರು ಬರೀತಾವ್ರೆ ಅಂತ ಹುಡುಕಲ್ವಾ?"

"ಮೂಲೇಲಿ ಕೂತು ಬರ್ಕೊಳ್ಳೋಳನ್ನ ಯಾರ್ ಹುಡುಕ್ತಾರೆ ಬಿಡು" ಎಂದು ನಕ್ಕಳು. ಆಮೇಲೆ, "ಆದ್ರೆ ಬೀದೀಲಿ ಹೇಳ್ಬೇಡ ಅಜ್ಜಿ. ಜಾಸ್ತಿ ಜನಕ್ಕೆ ಹೇಳ್ಬೇಡಿ ಅಂತ ಆಫೀಸಿನವ್ರೇ ಅಂದವ್ರೆ" ಎಂದಳು.

ಆ ಕೊನೆಯ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಒಳ್ಳೆಯ ಕೆಲಸವಾದರೆ ಯಾಕೆ ಹೇಳಬಾರದು?

ಹತ್ತು ದಿನ ಕಳೆದ ಮೇಲೆ ಒಂದು ಸೋಮವಾರ ಮಧ್ಯಾಹ್ನ ಫೋನ್ ಬಂತು. ಮನೆಯಲ್ಲಿ ನಾನೊಬ್ಬಳೇ. ಗಂಡಸಿನ ದನಿ. ಮೊಮ್ಮಗಳ ಹೆಸರನ್ನು ಪೂರ್ತಿಯಾಗಿ, ಇನಿಷಿಯಲ್ ಸಮೇತ ಹೇಳಿ, "ಇದು ಅವ್ರ ಮನೇನಾ?" ಎಂದ. ಅವಳನ್ನು ಹಾಗೆ ಪೂರ್ತಿ ಹೆಸರು ಹಿಡಿದು ಕರೆಯುವವರು ನಮ್ಮಲ್ಲಿ ಯಾರೂ ಇಲ್ಲ. ನಾನು ಮಾತಾಡದೆ ಫೋನ್ ಇಟ್ಟುಬಿಟ್ಟೆ. ಮತ್ತೆ ಹೊಡೆದುಕೊಂಡಿತು. ಎತ್ತಲಿಲ್ಲ. ಅದು ತಾನಾಗಿ ನಿಲ್ಲುವವರೆಗೂ ಎದುರಿಗೆ ನಿಂತುಕೊಂಡೇ ಇದ್ದೆ.

ಮಂಗಳವಾರ ಹಿಂದಿನ ಮನೆಯ ಬಾಡಿಗೆಯ ಹೆಂಗಸು ಬಂದಳು. ಹಾವೇರಿ ಕಡೆಯವಳು, ಗಂಡ ಹೆಂಡತಿ ಇಬ್ಬರೂ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ.

"ಅಜ್ಜೀರಿ, ನಿಮ್ಮ ಮೊಮ್ಮಗಳ ಬಗ್ಗೆ ಒಬ್ಬಾವ ಕೇಳಾಕತ್ತಿದ್ದ ನೋಡ್ರಿ. ಎಷ್ಟೊತ್ತಿಗೆ ಹೊಕ್ಕಾಳ, ಎಷ್ಟೊತ್ತಿಗೆ ಬರ್ತಾಳ, ಯಾರ್ಯಾರು ಬರ್ತಾರ ಅಂತ. ವರನ ಕಡೆಯಾವ್ರು ಅಂತ ತಿಳಕೊಂಡು ನಾ ಛಲೋನ ಹೇಳೇನ್ರಿ. ಕಾಲೇಜು ಬಿಟ್ಟ್ರ ಮನಿ, ಮನಿ ಬಿಟ್ಟ್ರ ಕಾಲೇಜು ಅಂತ."

"ನೋಡಕ್ಕೆ ಹೆಂಗವ್ನೆ?"

"ಗಡ್ಡ ಐತ್ರಿ. ಬೆನ್ನಿಗೊಂದು ಕರಿ ಬ್ಯಾಗ್. ಎಲ್ಲಾ ಬರಕೊಂಡ. ನಿಮ್ಮ ಗೇಟಿಂದು ಫೋಟೋನೂ ಹೊಡಕೊಂಡ."

ಹೆಣ್ಣು ನೋಡುವ ಮನೆಯವರು ಅಂಗಡಿಯಲ್ಲಿ, ಬಾಡಿಗೆಯವರ ಹತ್ತಿರ ಗುಟ್ಟಾಗಿ ವಿಚಾರಿಸುವುದು ನಮ್ಮಲ್ಲಿ ಇದ್ದದ್ದೇ. ಆದರೆ ವರನ ಕಡೆಯವರು ಗೇಟಿನ ಫೋಟೋ ಹೊಡೆಯುವುದನ್ನು ನಾನು ಎಲ್ಲೂ ಕೇಳಿರಲಿಲ್ಲ. "ಇನ್ಮೇಲೆ ಯಾರ್ ಬಂದು ಕೇಳಿದ್ರೂ ಅಂಥ ಹುಡುಗಿ ಇಲ್ಲಿಲ್ಲ ಅನ್ನು. ನನ್ನ ಮೇಲಾಣೆ" ಎಂದೆ. ಸಂಜೆ ಮಗ ಬಂದಾಗ ಹೇಳೋಣ ಎಂದುಕೊಂಡೆ. ಹೇಳಿದರೆ ಅವನು ಮಗಳನ್ನು ಕಳಿಸುವುದೇ ಇಲ್ಲ, ಅವಳು ಅತ್ತುಕೊಂಡು ಕೂರುತ್ತಾಳೆ ಎಂದು ಸುಮ್ಮನಾದೆ.

ಬುಧವಾರ ಬೆಳಗ್ಗೆ ಎಲ್ಲರೂ ಹೊರಟ ಮೇಲೆ ನನಗೆ ಒಂದು ಉಪಾಯ ಹೊಳೆಯಿತು. ಇಪ್ಪತ್ತು ವರ್ಷ ಬಾಡಿಗೆ ಮನೆ ನೋಡಿಕೊಂಡವಳಿಗೆ ಹೊಳೆಯುವ ಉಪಾಯ. ಮೆಟ್ಟಿಲ ಕೆಳಗಿದ್ದ ಟು-ಲೆಟ್ ತಗಡಿನ ಬೋರ್ಡನ್ನು ಒರೆಸಿ ತಂದು ನಮ್ಮ ಸ್ವಂತ ಮನೆಯ ಗೇಟಿಗೇ ತಂತಿಯಲ್ಲಿ ಕಟ್ಟಿದೆ. ಒಣಗಿದ್ದ ಬಟ್ಟೆಗಳನ್ನೆಲ್ಲ ಒಳಗೆ ತಂದೆ. ಬಾಗಿಲ ಮುಂದಿನ ಚಪ್ಪಲಿಗಳನ್ನು ಎತ್ತಿಟ್ಟೆ. ಮೊಮ್ಮಗಳ ಕೆಂಪು ಚಪ್ಪಲಿಯನ್ನು ಮಾತ್ರ ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟೆ. ಕಿಟಕಿ ಹಾಕಿಕೊಂಡು ಒಳಗೆ ಕೂತಾಗ ನೆಲ ಗುಡುಗುಡು ಅನ್ನುತ್ತಿತ್ತು, ಲೋಟಗಳು ಸದ್ದು ಮಾಡುತ್ತಿದ್ದವು.

ಹನ್ನೊಂದರ ಹೊತ್ತಿಗೆ ಗೇಟು ಕಿರ್ ಎಂದಿತು. ಹೋದೆ. ಅದೇ ಗಡ್ಡ, ಅದೇ ಕರಿ ಬ್ಯಾಗು. ಬೆವರಿಳಿಯುತ್ತಿತ್ತು. ನನ್ನನ್ನು ಬಿಟ್ಟು ಮನೆಯನ್ನು ನೋಡಿದ, ಆಮೇಲೆ ಬೋರ್ಡನ್ನು ನೋಡಿದ.

"ಈ ಮನೆಯವ್ರು ಇದಾರಾಮ್ಮ?"

"ಖಾಲಿ ಮಾಡ್ಕೊಂಡು ಹೋದ್ರಪ್ಪ. ವಾರ ಆಯ್ತು."

"ಎಲ್ಲಿಗೆ?"

"ನಂಗೇನ್ ಗೊತ್ತು? ಹೇಳಿ ಹೋಗ್ತಾರಾ ಈ ಕಾಲದೋರು?"

"ನೀವು ಯಾರು?"

"ಕೆಲಸದೋಳು" ಎಂದೆ. ಅವನು ಬ್ಯಾಗಿನಿಂದ ಕಾಗದ ತೆಗೆದು ಬರೆದುಕೊಂಡು ಗೇಟಿನ ಹೊರಗೆ ಬಹಳ ಹೊತ್ತು ನಿಂತಿದ್ದ. ಆಮೇಲೆ ಬೈಕಿನ ಸದ್ದು ದೂರವಾಯಿತು. ನಾನು ಗೆದ್ದೆ ಎಂದುಕೊಂಡೆ. ಸಂಜೆ ಯಾರೂ ಬರುವ ಮುಂಚೆ ಬೋರ್ಡನ್ನು ಬಿಚ್ಚಿಟ್ಟೆ.

ಮುಂದಿನ ಮಂಗಳವಾರ ಮೊಮ್ಮಗಳು ಕಾಲೇಜಿಂದ ಬಂದವಳೇ ಗೋಡೆಗೆ ಒರಗಿ ನೆಲಕ್ಕೆ ಕುಸಿದಳು. ವಕೀಲರ ಆಫೀಸಿನಿಂದ ಈಮೇಲ್ ಬಂದಿತ್ತು. ಅವಳು ಕೊಟ್ಟ ವಿಳಾಸದಲ್ಲಿ ಅಂಥ ಮನೆಯವರೇ ಇಲ್ಲ, ವಾರದ ಹಿಂದೆ ಎಲ್ಲಿಗೋ ಹೋಗಿದ್ದಾರೆ, ಸುಳ್ಳು ವಿಳಾಸ ಕೊಟ್ಟವರನ್ನು ಇಂಥ ಕೇಸುಗಳ ಹತ್ತಿರ ಬಿಟ್ಟುಕೊಳ್ಳುವಂತಿಲ್ಲ, ಏನಾದರೂ ಹೇಳುವುದಿದ್ದರೆ ಶುಕ್ರವಾರ ಸಂಜೆಯೊಳಗೆ ಹೇಳಬೇಕು.

"ಸುಳ್ಳಿ ಅಂತ ಆಯ್ತು ಅಜ್ಜಿ. ಇನ್ನು ಯಾವ ಆಫೀಸ್‌ನೋರು ತಗೋತಾರೆ ನನ್ನ?"

ಮಗ ನಿಂತಲ್ಲೇ ಹಣೆ ಹಿಡಿದುಕೊಂಡ. "ವಿಳಾಸ ನಿಜಾನಾ ಅಂತ ವಿಚಾರಿಸಕ್ಕೆ ವಕೀಲರ ಕಡೆ ಏಜೆನ್ಸಿಯವ್ರು ಮನೇಗೆ ಬರ್ತಾರೆ ಅಂತ ಇವ್ಳು ಹೇಳಿದ್ಲು. ಅವ್ವಂಗೆ ಹೇಳ್ಬೇಡ, ಹೆದರ್ಕೋತಾಳೆ ಅಂದೋನೇ ನಾನು."

ಆಗ ಬಾಯಿಬಿಟ್ಟೆ. ಫೋನು, ಬೋರ್ಡು, ಅಕ್ಕಿ ಡಬ್ಬದ ಹಿಂದಿನ ಚಪ್ಪಲಿ, ಎಲ್ಲ. ಸೊಸೆ ಸೆರಗು ಬಾಯಿಗಿಟ್ಟುಕೊಂಡಳು. ನಗುವೋ ಅಳುವೋ ತಿಳಿಯಲಿಲ್ಲ. ಮೊಮ್ಮಗಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಎದ್ದು ಹೋಗಿ ಪುಸ್ತಕ, ಪೆನ್ನು ತಂದು ನನ್ನ ಎದುರು ಕೂತಳು.

"ಅಜ್ಜಿ, ಇದನ್ನೇ ನೀನು ಪ್ರಮಾಣ ಮಾಡಿ ಬರೆದುಕೊಡ್ಬೇಕು. ಅಫಿಡವಿಟ್ ಅಂತಾರೆ. ಆಗ ನಂಬ್ತಾರೇನೋ. ನೋಡಿದ್ದನ್ನ ಹೇಳು, ಅಂದ್ಕೊಂಡಿದ್ದು ಬೇಡ."

"ಅವ್ನ ಮುಖವೇ ಸರಿಯಿರ್ಲಿಲ್ಲ."

"ಅದು ನೀನು ಅಂದ್ಕೊಂಡಿದ್ದು. ಮುಖದಲ್ಲಿ ಏನಿತ್ತು?"

"ಗಡ್ಡ."

"ಅಪ್ಪಂಗೂ ಇದೆ. ಇನ್ನೇನಿತ್ತು?"

ಯೋಚಿಸಿದೆ. "ಬೆವರು" ಎಂದೆ. ಅಷ್ಟೇ ಇತ್ತು. ಬಿಸಿಲಲ್ಲಿ ಬಂದವನ ಮುಖದ ಬೆವರು. ಅದರ ಮೇಲೆ ಉಳಿದಿದ್ದನ್ನೆಲ್ಲ ಬರೆದವಳು ನಾನು.

ಗುರುವಾರ ರಾಜಾಜಿನಗರದ ನೋಟರಿಯ ಹತ್ತಿರ ಹೋದೆವು. ಅವರು ಓದಿ ಹೇಳಿದರು: ನಾನು ಈ ಮನೆಯವಳು, ಈ ಹುಡುಗಿ ನನ್ನ ಮಗನ ಮಗಳು, ಹುಟ್ಟಿದಂದಿನಿಂದ ಇದೇ ಮನೆಯಲ್ಲಿದ್ದಾಳೆ, ಅವಳಿಗೆ ಏನಾದರೂ ಆದೀತೆಂದು ಹೆದರಿ ನಾನು ಸುಳ್ಳು ಹೇಳಿದೆ. ಸಹಿ ಮಾಡಲು ಪೆನ್ನು ಕೊಟ್ಟರು. ತೆಗೆದುಕೊಂಡು ಮೇಜಿನ ಮೇಲೇ ಇಟ್ಟೆ. ಯಾವ ಮಾತನ್ನು ಮುಚ್ಚಿಡಲು ಅಷ್ಟೆಲ್ಲ ಮಾಡಿದೆನೋ ಅದನ್ನೇ ಈಗ ಮನೆ ನಂಬರು ಸಮೇತ ಬರೆದು, ಕೆಳಗೆ ನನ್ನ ಹೆಸರು ಹಾಕಬೇಕು. ಆ ಕಾಗದ ಎಷ್ಟು ಕೈ ದಾಟಿ ಹೋಗುತ್ತದೋ, ಯಾರು ಯಾರು ಓದುತ್ತಾರೋ.

"ಬೇಡ ಅನ್ಸಿದ್ರೆ ಬೇಡ ಅಜ್ಜಿ" ಎಂದಳು ಮೊಮ್ಮಗಳು. ಆಮೇಲೆ ಮೆಲ್ಲಗೆ, "ಮುಂಬೈನಲ್ಲೂ ಎಲ್ರೂ ಹಿಂಗೇ ಹೆದರ್ಕೊಂಡು ಕೂತಿರ್ತಾರೆ. ಅವ್ರ ಹತ್ರಾನೂ ನಾನು ಸಹಿ ಕೇಳ್ಬೇಕು" ಎಂದಳು.

ಒಂದೊಂದೇ ಅಕ್ಷರ ಕೂಡಿಸಿ ಬರೆದೆ. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ಕಲಿಸಿದ್ದ ಅಕ್ಷರ. ಅಂದೇ ಅದನ್ನು ಸೈಬರ್ ಕೆಫೆಯಲ್ಲಿ ಸ್ಕ್ಯಾನ್ ಮಾಡಿಸಿ ಕಳಿಸಿದಳು.

ಶುಕ್ರವಾರ ಹತ್ತು ಗಂಟೆಗೆ ಗೇಟು ಕಿರ್ ಎಂದಿತು. ಅವನೇ. ಈ ಸಲ ಮೊಮ್ಮಗಳೇ ಬಾಗಿಲಲ್ಲಿ ನಿಂತಿದ್ದಳು. ಅವನು ಕುರ್ಚಿಯ ತುದಿಯಲ್ಲಿ ಕೂತು ಪಡಿತರ ಚೀಟಿ, ಕಂದಾಯದ ರಸೀದಿ, ಗೋಡೆಯ ಮೇಲಿನ ಫೋಟೋ ಎಲ್ಲ ನೋಡಿದ. ನಾನು ಒಂದು ಚೊಂಬು ನೀರು, ಬೆಲ್ಲ ತಂದಿಟ್ಟೆ.

"ಸುಂಕದಕಟ್ಟೆಯಿಂದ ಬಿಸಿಲಲ್ಲಿ ಬಂದಿದ್ದೆ ಅಮ್ಮ ಅವತ್ತು. ಒಂದ್ ಲೋಟ ನೀರೂ ಕೇಳ್ಲಿಲ್ಲ ನೀವು" ಎಂದ.

"ಕೆಲಸದೋಳು ಕಣಪ್ಪ, ಯಜಮಾನ್ರನ್ನ ಕೇಳ್ದೆ ಹೆಂಗ್ ಕೊಡ್ಲಿ?" ಎಂದೆ. ಅವನು ನೀರು ನೆತ್ತಿಗೇರುವಂತೆ ನಕ್ಕ. ಹೋಗುವಾಗ ಗೇಟಿನ ಹತ್ತಿರ ತಿರುಗಿ, "ಹೆದರಿದ್ದು ತಪ್ಪಲ್ಲಮ್ಮ. ಇಂಥ ಕೆಲಸಕ್ಕೆ ಹೋಗೋರ ಮನೇಲಿ ಸ್ವಲ್ಪ ಹುಷಾರಾಗೇ ಇರ್ಬೇಕು" ಎಂದ. ಅಷ್ಟೊತ್ತಿನ ನಗು ನನ್ನೊಳಗೆ ಅಲ್ಲಿಗೇ ನಿಂತಿತು.

ಮೂರು ಗಂಟೆಗೆ ಬಂತು ಒಪ್ಪಿಗೆ. ಆಮೇಲಿನದನ್ನು ಮೊದಲೇ ಹೇಳಿದೆನಲ್ಲ, ಬೇಳೆ ಚೆಲ್ಲಿದ್ದು, ಕುಣಿದದ್ದು.

ಆ ಸಂಜೆ ದೀಪ ಹಚ್ಚುವಾಗ ಎಲ್ಲೋ ದೂರದ ಆ ವಕೀಲರೂ ದೀಪ ಹಚ್ಚುತ್ತಿರಬಹುದು ಎಂದುಕೊಂಡು ಅವರ ಹೆಸರಲ್ಲೂ ಒಂದು ಬತ್ತಿ ಹಾಕಿದೆ. ಮೊರದಿಂದ ಬಿದ್ದ ಬೇಳೆಯನ್ನೇ ಬಳಿದು ತೊಳೆದು ಸೊಸೆ ಒಬ್ಬಟ್ಟು ಮಾಡಿದಳು. ಹಾವೇರಿಯ ಹೆಂಗಸಿನ ಮನೆಗೂ ನಾಲ್ಕು ಕೊಟ್ಟು ಬಂದು ನಡುಮನೆಯಲ್ಲಿ ಸಾಲಾಗಿ ಕೂತೆವು. ಮಗ, ಸೊಸೆ, ನಡುವೆ ಮೊಮ್ಮಗಳು, ಪಕ್ಕದಲ್ಲಿ ನಾನು. ಮೊದಲ ತುತ್ತು ಎತ್ತಿದ್ದೆವು. ಗೇಟು ಕಿರ್ ಎಂದಿತು.

ಎಲ್ಲರ ಕೈಯೂ ನಿಂತಿತು. ಆ ಹೊತ್ತಿಗೆ ಮೆಟ್ರೊದವರ ಕೊರೆಯುವ ಸದ್ದು ನಿಂತು ಬೀದಿಯೆಲ್ಲ ಮೌನವಾಗಿತ್ತು. ಹೊರಗೆ ಯಾರೋ ನಿಂತಿದ್ದರು. ಮೊಮ್ಮಗಳು ಏಳಲು ಹೋದಳು. ನನಗೇ ತಿಳಿಯದ ಹಾಗೆ ಅವಳ ಮಣಿಕಟ್ಟನ್ನು ಹಿಡಿದುಬಿಟ್ಟಿದ್ದೆ. ಅವಳು ನನ್ನನ್ನು ನೋಡಿದಳು. ಬಿಟ್ಟೆ. ಎಂಜಲು ಕೈಯಲ್ಲೇ ಹೋಗಿ ಬಾಗಿಲು ತೆಗೆದಳು.

"ಹೋದ ವಾರ ಟು-ಲೆಟ್ ಬೋರ್ಡ್ ನೋಡಿದ್ವಿ. ಮನೆ ಇನ್ನೂ ಖಾಲಿ ಇದೆಯಾ?" ಹೆಂಗಸಿನ ದನಿ, ಜೊತೆಗೊಂದು ಮಗುವಿನ ಅಳು.

"ಇಲ್ಲ ಆಂಟಿ. ನಾವಿದೀವಿ" ಎಂದಳು ಮೊಮ್ಮಗಳು.

ಬಂದು ಕೂತಳು. ಮೊದಲು ಮಗ ನಕ್ಕ, ಆಮೇಲೆ ಸೊಸೆ, ಕೊನೆಗೆ ನಾನೂ. ನಗುತ್ತಲೇ ಮೊಮ್ಮಗಳ ವೇಲಿನ ತುದಿಯನ್ನು ಮಂಡಿಯ ಕೆಳಗೆ ಒತ್ತಿಟ್ಟುಕೊಂಡೆ. ಎಡಗೈಯಲ್ಲಿ ಅವಳ ಒಬ್ಬಟ್ಟಿನ ಮೇಲೆ ಇನ್ನೊಂದು ಚಮಚ ತುಪ್ಪ ಹಾಕಿದೆ.

"ಸಾಕು ಅಜ್ಜಿ" ಎಂದಳು.

"ತಿನ್ನು" ಎಂದೆ. ಎಲ್ಲರೂ ತಿಂದೆವು.