ಬೆಂಡಿನ ದೋಣಿಯ ನಾಗವೇಣಿ ಮೇಡಂ

ನಾಗವೇಣಿ ಮೇಡಂ ಬಾಯಿ ತೆಗೆದರೆ ಬಾವಿಯ ಗೋಡೆಯಲ್ಲಿ ಕೂತ ಪಾರಿವಾಳಗಳೆಲ್ಲ ಪಟಪಟ ಎದ್ದು ಹೋಗುತ್ತಿದ್ದವು. ಚಿಂತಾಮಣಿಯ ನಮ್ಮ ಹೈಸ್ಕೂಲಿನಲ್ಲಿ ಅವರು ಪಿ.ಟಿ. ಟೀಚರು. ಇಸ್ತ್ರಿ ಮುರಿಯದ ಸೀರೆ, ಅದರ ಕೆಳಗೆ ಬಿಳಿ ಕ್ಯಾನ್ವಾಸ್ ಶೂ. ಭಾನುವಾರ ಬಂತೆಂದರೆ ಹುಡುಗಿಯರನ್ನೆಲ್ಲ ಊರಾಚೆಯ ಮಾವಿನ ತೋಪಿನ ಬಾವಿಗೆ ಎಳೆದುಕೊಂಡು ಹೋಗಿ, ಬೆನ್ನಿಗೆ ಬೆಂಡು ಕಟ್ಟಿಸಿ ನೀರಿಗೆ ತಳ್ಳುತ್ತಿದ್ದರು. ದೊಡ್ಡ ಹುಡುಗಿಯರು ನೀರಿನಲ್ಲಿದ್ದು ಚಿಕ್ಕವರನ್ನು ಹಿಡಿಯಬೇಕು. ಮೇಡಂ ಮೆಟ್ಟಿಲ ಮೇಲೆ ನಿಂತು ಕೂಗಬೇಕು.

"ಕಾಲು ಬಡಿಯೇ! ಅಯ್ಯೋ, ಅದೇನು ರೊಟ್ಟಿ ತಟ್ತಿದೀಯಾ?" ಸಿಟ್ಟು ನೆತ್ತಿಗೇರಿದರೆ ತೆಲುಗು ಶುರು. "ಏಮೇ, ನೀಳ್ಳಲ್ಲೋ ನಿದ್ರಪೋತಾವಾ?" ನೀರಲ್ಲೇ ನಿದ್ದೆ ಹೊಡೀತೀಯಾ ಅಂತ. ಬೈದಷ್ಟೂ ನಾವು ಕೈಕಾಲು ಬಡಿದೆವು, ಬಡಿದಷ್ಟೂ ತೇಲಿದೆವು. ನೀರು ಕಂಡರೆ ಜ್ವರ ಬರುತ್ತಿದ್ದ ನಾನೂ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಬೆಂಡು ಬಿಚ್ಚಿ ಈಜಿದೆ. ಅವತ್ತು ಮೇಡಂ ನನ್ನ ಒದ್ದೆ ತಲೆ ಸವರಿ, "ಇನ್ಮೇಲೆ ಯಾರ ಮುಂದೇನೂ ಹೆದರ್ಬೇಡ ಭಾಗ್ಯಮ್ಮ" ಎಂದರು. ನನಗೆ ಅವರೆಂದರೆ ಪ್ರಾಣ.

ನಾನು ಡಿಗ್ರಿ ಓದುತ್ತಿದ್ದಾಗ, ಎರಡು ಸಾವಿರದ ಐದರ ಸುಮಾರು, ಮಳೆ ಕಂಡಾಪಟ್ಟೆ ಸುರಿದು ನಮ್ಮ ಕಡೆಯ ಕೆರೆಗಳು ಕೋಡಿ ಹರಿದವು. ಅದೇ ಹೊತ್ತಿಗೆ ಮೇಡಂ ಅವರ ತಮ್ಮ ಶ್ರೀನಾಥಣ್ಣ ಕಾರವಾರದ ಕಡೆಯಿಂದ ಟೆಂಪೋದಲ್ಲಿ ಎರಡು ದೋಣಿ ತಂದಿಳಿಸಿದ. ಅವನು ಕೆಲಸಕ್ಕಿದ್ದ ರೆಸಾರ್ಟ್ ಮುಚ್ಚಿತ್ತಂತೆ. ಒಂದು ಔಟ್‌ರಿಗರ್: ದೋಣಿಯ ಎಡಗಡೆ ಎರಡು ಅಡ್ಡಕೋಲು, ಅದರ ತುದಿಗೆ ತೇಲುವ ದಿಮ್ಮಿ. ನಾವು ಅದನ್ನು ಬೆಂಡಿನ ದೋಣಿ ಅಂದೆವು. ಇನ್ನೊಂದು ಸರ್ಫ್ ಸ್ಕೀ. ಉದ್ದಕ್ಕೆ, ಸಣ್ಣಗೆ, ಮೇಲೆ ಕೂರಲು ಒಂದು ಗುಳಿ, ಅಷ್ಟೇ. ಅದು ಸೂಜಿ ದೋಣಿ ಆಯಿತು. ಬೀದಿಯವರು ಬಂದು ನೋಡಿ, "ಬೋರ್‌ವೆಲ್ ಪೈಪಾ ಮೇಡಂ?" ಎಂದು ಕೇಳಿ ಹೋದರು.

"ಹೊಸಬರು ಬೆಂಡಿನದ್ರಲ್ಲೇ ಕೂತ್ಕೋಬೇಕಕ್ಕ," ಎಂದ ಶ್ರೀನಾಥಣ್ಣ. "ಅದು ಸುಮ್‌ಸುಮ್ನೆ ಮಗುಚಲ್ಲ. ಆದ್ರೆ ಬಲಕ್ಕೆ ಮಾತ್ರ ಬಗ್ಬೇಡಿ. ಆ ಕಡೆ ಹಿಡಿಯೋದೇನೂ ಇಲ್ಲ, ಬಗ್ಗಿದ್ರೆ ಬೋರಲು. ಸೂಜಿದು ಬೀಳ್ಸುತ್ತೆ, ಬಿದ್ರೆ ಹತ್ಕೋಬೋದು." ಲೈಫ್ ಜಾಕೆಟ್ ಮುಂದಿನ ಸಲ ತರುತ್ತೇನೆ ಎಂದು ಹೇಳಿ ಹೋದ. ಮುಂದಿನ ಸಲದವರೆಗೆ ಕಾಯುವ ಜನವೇ ನಮ್ಮ ಮೇಡಂ!

ಹೊಸಬಳು ನಾನು. ಬೆಂಡಿನ ದೋಣಿ ನನಗೇ ಎಂದುಕೊಂಡಿದ್ದೆ. ಕೆರೆಯ ದಡದಲ್ಲಿ ಮೇಡಂ ಸೂಜಿಯ ಕಡೆ ಕೈ ತೋರಿಸಿದರು.

"ಮೇಡಂ, ಅಣ್ಣ ಹೇಳಿದ್ದು..."

"ಅವ್ನೇನ್ ಹೇಳ್ತಾನೆ ಬಿಡೇ. ಈಜು ಬರೋಳಿಗೆ ಮತ್ತೆ ಬೆಂಡು ಕಟ್ಟಿದ್ರೆ ನನ್ ಮರ್ಯಾದೆ ಏನಾಗ್ಬೇಕು? ಹತ್ತು!"

ಹತ್ತಿದೆ, ಬಿದ್ದೆ. ಹತ್ತಿದೆ, ಬಿದ್ದೆ. ಮೂಗಿಗೆ, ಕಿವಿಗೆ ಕೆರೆಯ ನೀರು. ಮೇಡಂ ಬೆಂಡಿನ ದೋಣಿಯಲ್ಲಿ ಜಡೆಯ ತುದಿಯೂ ನೆನೆಯದಂತೆ ಕೂತು, "ಸೊಂಟ ಸಡಿಲ ಬಿಡು, ಕಾಲು ಆಚೆ ಈಚೆ ಹಾಕು" ಎಂದು ಕೂಗುತ್ತಿದ್ದರು. ಸುಖವಾದದ್ದನ್ನು ತಾವಿಟ್ಟುಕೊಂಡರಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಆದರೂ ಕೆಲವು ವಾರಗಳಲ್ಲಿ ಸೂಜಿ ನನ್ನ ಮಾತು ಕೇಳತೊಡಗಿತು.

ಒಂದು ಸಂಜೆ ಇಬ್ಬರೂ ಕೆರೆಯ ನಡುವಿನವರೆಗೆ ಹೋದೆವು. ಗಾಳಿ ಎದ್ದಿತು. ನಾನು ಬಿದ್ದೆ. ಏಳುವಷ್ಟರಲ್ಲಿ ಹಗುರ ದೋಣಿಯನ್ನು ಗಾಳಿ ತಳ್ಳಿಕೊಂಡು ಹೋಯಿತು. ಅದರ ಹಿಂದೆ ಈಜಿದೆ, ಅದು ಇನ್ನೂ ದೂರ ಹೋಯಿತು. ಒಂದು ಕಾಲಿನ ಮೀನಖಂಡ ಹಿಡಿದುಕೊಂಡಿತು. ಏರಿಯ ಮೇಲೆ ನರಪಿಳ್ಳೆ ಇಲ್ಲ. "ಮೇಡಂ!" ಎಂದು ಕೂಗಿದ್ದು ಅರ್ಧ ನೀರೊಳಗೇ ಹೋಯಿತು. ಸತ್ತೇ ಹೋದೆ ಎಂದುಕೊಂಡೆ.

ಬೆಂಡಿನ ದೋಣಿ ನನ್ನತ್ತ ಬಂತು. ಆದರೆ ನಾನಿದ್ದದ್ದು ಅದರ ಬಲಕ್ಕೆ. ತಿರುಗಿಸಿಕೊಂಡು ಬರಲು ಹೊತ್ತಿರಲಿಲ್ಲ. ಮೇಡಂ ನನ್ನ ಮುಖ ನೋಡಿದರು, ಬಲಕ್ಕೆ ಬಗ್ಗಿ ಹುಟ್ಟು ಚಾಚಿದರು. ನಾನು ಅದನ್ನು ಹಿಡಿದುಕೊಂಡೆ. ತೇಲುದಿಮ್ಮಿ ನೀರು ಬಿಟ್ಟು ಮೇಲೆದ್ದಿತು, ದೋಣಿ ಮಗುಚಿತು.

ಅವರು ಮೇಲೆ ಬರಲಿಲ್ಲ. ಬರುತ್ತಾರೆ, ಈಗ ಬರುತ್ತಾರೆ ಎಂದು ನೋಡಿದೆ. ಬಿಳಿ ಶೂ ಒಂದು ಕಂಡಿತು. ನೀರೊಳಗೆ ಕೈ ಹಾಕಿದರೆ ಸಿಕ್ಕಿದ್ದು ಸೆರಗು. ಎಳೆದುಕೊಂಡೆ. ಅವರು ನನ್ನ ಕತ್ತನ್ನೇ ಅಮುಕಿ ಹಿಡಿದರು, ಇಬ್ಬರೂ ಮುಳುಗಿದೆವು. ಬಾವಿಯಲ್ಲಿ ಅವರೇ ಕೂಗಿ ಕೂಗಿ ಕಲಿಸಿದ್ದಂತೆ ಅವರ ಕೈ ಬಿಡಿಸಿ, ಹಿಂದಿನಿಂದ ಕಂಕುಳಿಗೆ ಕೈ ಹಾಕಿ, ದಿಮ್ಮಿಯ ಮೇಲೆ ಎತ್ತಿ ಹಾಕಿದೆ.

"ಈಜು ಬರಲ್ಲ ಕಣೇ," ಎಂದರು ಕೆಮ್ಮುತ್ತ. ಆ ದೊಡ್ಡ ಗಂಟಲಿನಿಂದ ಅಷ್ಟು ಸಣ್ಣ ಧ್ವನಿ ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. "ನಂಗೆ ಈಜು ಬರಲ್ಲ."

ಮಗುಚಿದ ದೋಣಿಯನ್ನು ಹಿಡಿದು, ಸರಿಯಿದ್ದ ಒಂದು ಕಾಲು ಬಡಿಯುತ್ತ ಏರಿಗೆ ಹೇಗೆ ತಲುಪಿಸಿದೆನೋ ದೇವರಿಗೇ ಗೊತ್ತು. ಕಲ್ಲಿನ ಮೇಲೆ ಇಬ್ಬರೂ ನಡುಗುತ್ತ ಕೂತೆವು. ಮಾರನೆಯ ದಿನ ನಾನು ಅವರ ಮನೆಗೆ ಹೋಗಲಿಲ್ಲ, ಆಮೇಲೂ ಹೋಗಲಿಲ್ಲ. ಅವರ ಗುಟ್ಟನ್ನು ಯಾರಿಗೂ ಹೇಳಲಿಲ್ಲ, ಅದು ಬೇರೆ. ಆದರೆ ಒಳಗೆ ಕುದಿಯುತ್ತಿದ್ದೆ. ಎಷ್ಟು ಮಕ್ಕಳನ್ನು ಬಾವಿಗೆ ತಳ್ಳಿದ್ದರು ಈ ಹೆಂಗಸು!

ಅವರು ರಿಟೈರ್ ಆಗಿ ಗೌರಿಬಿದನೂರಿನ ಮಗಳ ಮನೆ ಸೇರಿದರು. ಸಕ್ಕರೆ ಕಾಯಿಲೆ ಜಾಸ್ತಿಯಾಗಿದೆ ಎಂದು ಕೇಳಿ ಬಸ್ಸು ಹತ್ತಿದೆ. ಬೈದು ಬರಬೇಕೆಂದೇ ಹೋಗಿದ್ದೆ. ಮಂಚದ ಮೇಲೆ ಅರ್ಧ ಆಳಾಗಿದ್ದರು. ಮಗಳು ಕಾಫಿ ತರಲು ಒಳಗೆ ಹೋದದ್ದೇ ತಡ, ಕೇಳಿಬಿಟ್ಟೆ.

"ಮೇಡಂ, ನಮ್ಮಲ್ಲಿ ಯಾರಾದ್ರೂ ಬಾವೀಲಿ ಮುಳುಗಿದ್ರೆ ಏನ್ ಮಾಡ್ತಿದ್ರಿ?"

"ಹಾರ್ತಿದ್ದೆ."

"ಈಜು ಬರ್ದೇನಾ?"

ಅವರಿಗೆ ರೇಗಿತು. ದಿಂಬಿನಿಂದ ತಲೆ ಎತ್ತಿದರು.

"ಅವತ್ತು ಬರ್ಲಿಲ್ವೇನೇ ನಾನು?"

ಅವರ ಕೈ ಹಿಡಿದು ಹೋ ಎಂದು ಅತ್ತುಬಿಟ್ಟೆ. ಮತ್ತೆ ಗೌರಿಬಿದನೂರಿಗೆ ಹೋದದ್ದು ಅವರ ತಿಥಿಗೆ.