ಎಣ್ಣೆಯ ಮೇಲೆ ನಿಲ್ಲದ ಕುಂಕುಮ

ಮೊನ್ನೆ ಅಲ್ಲಾಳಸಂದ್ರದ ನಮ್ಮ ಬೀದಿಯಲ್ಲಿ ಪಕ್ಕದ ಮನೆಯವರು ಹೊಸ ಸ್ಕೂಟರಿಗೆ ಪೂಜೆ ಮಾಡಿಸಿದರು. ಚಕ್ರದಡಿ ನಿಂಬೆಹಣ್ಣು ಪಚಕ್ಕೆಂದಿತು. ಆ ವಾಸನೆಗೆ ನಿಮಗೆ ಪಾನಕ ನೆನಪಾಗಬಹುದು. ನನಗೆ ನೆನಪಾಗುವುದು ಒಂದು ಯುದ್ಧನೌಕೆ. ನಗಬೇಡಿ. ಅವತ್ತೇ ಬೆಳಿಗ್ಗೆ ಪೇಪರಿನಲ್ಲಿ ಅದರ ಚಿತ್ರವೂ ಬಂದಿತ್ತು. ಮುಂಬಯಿಯ ಹಡಗುಕಟ್ಟೆಯಲ್ಲಿ, ಮೈತುಂಬ ಸಾರುವೆ ಕಟ್ಟಿಸಿಕೊಂಡು ನಿಂತಿರುವ ಕ್ಷಿಪಣಿ ಹಡಗು. ಕೆಲಸ ಇನ್ನೂ ಮುಗಿದಿಲ್ಲವಂತೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಲೇತಿಗೆ ನಿಂತವನು. ಕೊನೆಯ ಕೆಲವು ವರ್ಷ ಶೆಟ್ಟಿಹಳ್ಳಿಯ ಸಣ್ಣ ಕಾರ್ಖಾನೆಯೊಂದರಲ್ಲಿದ್ದೆ. ಆ ಹಡಗಿನ ಪೈಪುಗಳಿಗೆ ಅಲ್ಲಿ ವಾಲ್ವ್ ಮಾಡುತ್ತಿದ್ದೆವು. "ಇಲ್ಲಿ ಕೆರೇಲೇ ನೀರಿಲ್ಲ, ನಾವು ಹಡಗು ಕಟ್ತಿದ್ದೀವಿ ಗುರು!" ಎಂದು ಪಕ್ಕದ ಲೇತಿನ ಶಿವಣ್ಣ ನಗಿಸುತ್ತಿದ್ದ. ನಾನೋ, ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಇಡೀ ಹಡಗನ್ನು ಒಬ್ಬನೇ ಕಟ್ಟುತ್ತಿರುವಂತೆ ಹೇಳಿಕೊಳ್ಳುತ್ತಿದ್ದೆ.

ತಯಾರಾದ ವಾಲ್ವುಗಳಿಗೆ ತುಕ್ಕು ಹಿಡಿಯದಂತೆ ಎಣ್ಣೆ ಹಚ್ಚಿ ಜೋಡಿಸುವುದು ಗೌರಮ್ಮನ ಕೆಲಸ. ಒಂದು ಆಯುಧಪೂಜೆಯ ದಿನ ಲೇತುಗಳಿಗೆಲ್ಲ ಕುಂಕುಮವಿಟ್ಟ ಮೇಲೆ, ಸಮುದ್ರಕ್ಕೆ ಹೋಗುವ ಈ ವಾಲ್ವುಗಳಿಗೂ ಒಂದು ಬೊಟ್ಟಿರಲಿ ಅನ್ನಿಸಿತು. ಎಣ್ಣೆಯ ಮೇಲೆ ಕುಂಕುಮ ನಿಲ್ಲುತ್ತದೆಯೇ? ವಾಲ್ವುಗಳ ನುಣ್ಣಗೆ ಉಜ್ಜಿದ್ದ ಮುಖದ ಮೇಲಿನ ಎಣ್ಣೆಯನ್ನು ಬಟ್ಟೆಯಲ್ಲಿ ಒರೆಸಿ, ಪೂಜೆಗೆ ನಿಂಬೆಹಣ್ಣು ಕೊಯ್ದಿದ್ದ ರಸದ ಕೈಯಿಂದಲೇ ಒದ್ದೆ ಕುಂಕುಮ ಇಟ್ಟೆ.

ಹಬ್ಬದ ರಜೆ ಮುಗಿದು ನಾನೇ ಮೊದಲು ಬಂದೆ. ಬೊಟ್ಟಿನಡಿ ತುಕ್ಕು ಕಚ್ಚಿತ್ತು. ಗಾಬರಿಯಲ್ಲಿ ಕುಂಕುಮ ಒರೆಸಿದೆ, ತುಕ್ಕು ಹೋಗಲಿಲ್ಲ. ತಪಾಸಣೆಗೆ ಬಂದವರು ಅಷ್ಟನ್ನೂ ತಿರಸ್ಕರಿಸಿದರು.

"ಏನಮ್ಮಾ, ನೇವಿಗೆ ಹೋಗೋ ಮಾಲಿಗೂ ಎಣ್ಣೆ ಹಚ್ಚೋದ್ ಮರೀತೀಯಾ?" ಎಂದರು ಮಾಲೀಕರು.

"ಅಚ್ಚಿದ್ದೆ ಸಾರ್" ಎಂದ ಗೌರಮ್ಮ ನನ್ನತ್ತ ತಿರುಗಿದಳು. "ನೀವಾದ್ರೂ ಯೋಳಿ ಅಣ್ಣ, ನಾನು ಎಣ್ಣೆ ಅಚ್ಚಿರ್ಲಿಲ್ವಾ?"

ನಾನು ಲೇತ್ ಚಾಲೂ ಮಾಡಿದೆ. ಆ ಸದ್ದಿನಲ್ಲಿ ಕೇಳಿಸಲಿಲ್ಲವೆಂದು ತಿಳಿದುಕೊಳ್ಳಲಿ ಎಂದು. ಅದೇ ಶನಿವಾರ ಅವಳನ್ನು ಕೆಲಸದಿಂದ ಬಿಡಿಸಿದರು.

ಮೊನ್ನೆ ಪೂಜೆಯ ಪ್ರಸಾದ ಕೈಯಲ್ಲಿದ್ದಂತೆಯೇ ಶೆಟ್ಟಿಹಳ್ಳಿಗೆ ಬಸ್ಸು ಹತ್ತಿದೆ. ಪಕ್ಕ ಕೂತವರಿಗೆ ಏನೂ ಹೇಳಲಿಲ್ಲ. ಗೌರಮ್ಮ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಿಂತೇ ಎಲ್ಲ ಹೇಳಿದೆ. ಬೈಯಲಿ, ಬೈದರೆ ಹಗುರಾಗುತ್ತೇನೆ ಎಂಬ ದುರಾಸೆ ನನಗಿತ್ತು.

ಅವಳ ಕೈ ನಿಂತಿತು. "ಅಂಗಾರೆ... ನಾನು ಎಣ್ಣೆ ಅಚ್ಚಿದ್ದೆ. ಅಲ್ವೇನಣ್ಣ?"

"ಹಚ್ಚಿದ್ದೆ ಕಣಮ್ಮ."

"ನಂಗೇ ಅನ್ಮಾನ ಬಂದ್ಬಿಟ್ಟಿತ್ತು. ಇವತ್ಗೂ ಬೀಗ ಆಕ್ಕೊಂಡ್ ಒಂಟರೆ, ಅರ್ಧ ದಾರೀಲಿ ವಾಪಸ್ ಬಂದು ಎಳೆದು ನೋಡ್ತೀನಿ."

ಅವಳು ಕಾಳಿನ ಬುಟ್ಟಿ ಒಳಗಿಟ್ಟು, "ಅಂಗಡಿಗೆ ಓಗ್ಬೇಕು, ನಡೀರಿ" ಎಂದು ಬೀಗ ಹಾಕಿದಳು. ಇಬ್ಬರೂ ನಡೆದೆವು. ಬೀದಿಯ ತಿರುವಿನಲ್ಲಿ ಅವಳು ನಿಂತಳು. ನಾನು ನೋಡುತ್ತಿರುವುದು ತಿಳಿದು ಎರಡು ಹೆಜ್ಜೆ ಮುಂದಿಟ್ಟಳು. ಆಮೇಲೆ, ನನ್ನ ಮುಖ ನೋಡದೆ, ಬೀಗ ಎಳೆದು ನೋಡಲು ವಾಪಸ್ ಹೋದಳು.